ಕಡ್ಡಾಯ ಹಂತ ಮರೆತು ಆಟ ಮುಂದೆ ಹೋಗಿದ್ದರೆ ವಾಪಸ್ ಹೋಗಬೇಕಾ, ಬಿಟ್ಟುಬಿಡಬೇಕಾ?

ಮೂರಿಂಚು

ನಮಸ್ಕಾರ ಎಲ್ಲರಿಗೂ. ನಮ್ಮ ಆಟದ ಗುಂಪಿನಲ್ಲಿ ಒಂದು ಜಗಳ ಇನ್ನೂ ಬಗೆಹರಿದಿಲ್ಲ. ನೀವಾದರೆ ಏನು ಮಾಡುತ್ತಿದ್ದಿರಿ ಅಂತ ಕೇಳೋಣ ಅನಿಸಿತು. ಸ್ವಲ್ಪ ಉದ್ದ ಇದೆ, ಓದಿ.

ಆಟ ವಾರ್‌ಹ್ಯಾಮರ್ 40ಕೆ, ಅಂದರೆ ಟೇಬಲ್ ಮೇಲೆ ಪುಟ್ಟ ಸೈನಿಕ ಬೊಂಬೆಗಳನ್ನು ಇಟ್ಟು ದಾಳ ಹಾಕಿ ಆಡುವ ಯುದ್ಧದ ಆಟ, 2023ರಲ್ಲಿ ಬಂದ ಹತ್ತನೇ ಆವೃತ್ತಿ. ಆಡುತ್ತಿದ್ದವರು ನನ್ನ ಇಬ್ಬರು ಗೆಳೆಯರು. ಒಬ್ಬನ ಹತ್ತು ಸೈನಿಕರ ಯೂನಿಟ್ ಏಟು ತಿಂದು ನಾಲ್ಕಕ್ಕೆ ಇಳಿದಿತ್ತು. ಆ ನಾಲ್ವರೂ ಒಂದು ಆಬ್ಜೆಕ್ಟಿವ್ (ಹಿಡಿದರೆ ಅಂಕ ಸಿಗುವ ಜಾಗ) ಹಿಡಿದು ನಿಂತಿದ್ದರು. ಅವನ ಸರದಿ ಬಂತು. ಕಮಾಂಡ್ ಪಾಯಿಂಟ್ ತಗೊಂಡ, ಆಬ್ಜೆಕ್ಟಿವ್ ನನ್ನದು ಅಂತ 5 ಅಂಕ ಬರೆದುಕೊಂಡ, ಸೀದಾ ಸೈನಿಕರನ್ನು ಸರಿಸೋಕೆ ಶುರು ಮಾಡಿದ. ಅರ್ಧಕ್ಕಿಂತ ಕಡಿಮೆ ಉಳಿದ ಯೂನಿಟ್‌ಗೆ ಸರದಿಯ ಮೊದಲ ಹಂತವಾದ ಕಮಾಂಡ್ ಫೇಸ್‌ನಲ್ಲೇ ಬ್ಯಾಟಲ್‌ಶಾಕ್ ಪರೀಕ್ಷೆ (ಧೈರ್ಯ ಉಳಿದಿದೆಯಾ ಅಂತ ದಾಳ ಹಾಕಿ ನೋಡುವುದು) ಆಗಲೇಬೇಕು ಅಲ್ವಾ? ಇಬ್ಬರಿಗೂ ನೆನಪಾಗಲಿಲ್ಲ. ಶೂಟಿಂಗ್ ಫೇಸ್‌ನಲ್ಲಿ ಅದೇ ನಾಲ್ವರ ಮೇಲೆ ಒಂದು ಸ್ಟ್ರಾಟಜೆಮ್ (ಕಮಾಂಡ್ ಪಾಯಿಂಟ್ ಕೊಟ್ಟು ಬಳಸುವ ವಿಶೇಷ ತಂತ್ರ) ಹಾಕಿ, ಎದುರಾಳಿಯ ಒಂದು ಯೂನಿಟ್ ಪೂರ್ತಿ ತೆಗೆದ. ಇನ್ನೇನು ಚಾರ್ಜ್ (ಎದುರಾಳಿ ಮೇಲೆ ನುಗ್ಗುವುದು) ಹೇಳಬೇಕು ಅನ್ನುವಾಗ ಎದುರಾಳಿಗೆ ಹೊಳೆಯಿತು.

ಅಲ್ಲಿಂದ ಮಾತಿಗೆ ಮಾತು ಬೆಳೆಯಿತು. ಒಬ್ಬ ಹೇಳುವುದು, "ಆಗಲೇ ಹೇಳಬೇಕಿತ್ತು, ಈಗ ಆಟ ಎಲ್ಲೋ ಹೋಗಿದೆ, ಬಿಡು." ಇನ್ನೊಬ್ಬ ಹೇಳುವುದು, "ಅದು ನಿನ್ನ ಇಷ್ಟಕ್ಕೆ ಬಿಟ್ಟದ್ದಲ್ಲ, ಮಾಡಲೇಬೇಕಾದದ್ದು, ಕಮಾಂಡ್ ಫೇಸ್‌ವರೆಗೂ ಎಲ್ಲ ವಾಪಸ್ ಇಡು." ಪಕ್ಕದ ಟೇಬಲ್‌ನಲ್ಲಿದ್ದ ನನ್ನನ್ನು ಕರೆದು ನೀನೇ ತೀರ್ಪು ಹೇಳು ಅಂದರು. ಇಬ್ಬರ ಮಾತಲ್ಲೂ ಹುರುಳಿದೆ ಅನಿಸಿತು, ಅದಕ್ಕೇ ಏನೂ ಹೇಳಲಾಗಲಿಲ್ಲ. ಕೊನೆಗೆ ಆಟವನ್ನು ಅರ್ಧಕ್ಕೇ ನಿಲ್ಲಿಸಿದರು. ಅದು ನನಗೆ ತುಂಬ ಬೇಜಾರಾಯಿತು, ಯಾಕೆಂದರೆ ಅಲ್ಲಿಯವರೆಗೆ ಒಳ್ಳೆ ಬಿಗಿಯಾದ ಆಟ.

ಕೇಳಬೇಕಾದ್ದು ಇಷ್ಟು. ಹಂತ ನೆನಪಿಡುವ ಜವಾಬ್ದಾರಿ ಯಾರದು? ವಾಪಸ್ ಹೋಗುವುದಾದರೆ ಎಷ್ಟು ದೂರ? ಮತ್ತೆ, ಎದುರಾಳಿಗೆ ಮೊದಲೇ ಗೊತ್ತಿದ್ದೂ ಸುಮ್ಮನಿದ್ದಿದ್ದರೆ?

ಕೆಂಪುಟೋಕನ್

ಮೊದಲು ಎರಡು ವಿಷಯ ಬೇರೆ ಬೇರೆ ಮಾಡಿಕೊಳ್ಳಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಬೇಕಾದರೆ ಮಾಡಬಹುದು ಅಂತ ಇರುವುದನ್ನು ಮರೆತರೆ ಅದು ಹೋಯಿತು, ಅಷ್ಟೇ. ಸ್ಟ್ರಾಟಜೆಮ್ ಹಾಕೋಕೆ ಮರೆತಿರಾ? ಮುಂದಿನ ಸಲ ನೋಡಿಕೊಳ್ಳಿ. ಎಕ್ಸ್-ವಿಂಗ್ ಅನ್ನುವ ಬಾಹ್ಯಾಕಾಶ ಹಡಗುಗಳ ಆಟದ ಟೂರ್ನಮೆಂಟ್ ನಿಯಮದಲ್ಲಿ ಇದನ್ನು ನೇರವಾಗಿಯೇ ಬರೆದಿದ್ದರು. ಸಮಯ ದಾಟಿದ ಮೇಲೆ ಎದುರಾಳಿ ಒಪ್ಪಿದರೆ ಮಾತ್ರ ಹಿಂದಕ್ಕೆ ಹೋಗಿ ಬಳಸಬಹುದು, ಒಪ್ಪಲೇಬೇಕು ಅಂತೇನೂ ಇಲ್ಲ.

ಕಡ್ಡಾಯವಾದದ್ದು ಹಾಗಲ್ಲ. ಅದೇ ಎಕ್ಸ್-ವಿಂಗ್‌ನಲ್ಲಿ ಕೆಂಪು ತಿರುವು (ಕಷ್ಟದ ಚಲನೆ) ಹಾರಿದ ಹಡಗಿಗೆ ಸ್ಟ್ರೆಸ್ ಟೋಕನ್ ಬರಲೇಬೇಕು, ಅದಿದ್ದರೆ ಆಕ್ಷನ್ ಆಗಲಿ ಇನ್ನೊಂದು ಕೆಂಪು ತಿರುವಾಗಲಿ ಮಾಡುವಂತಿಲ್ಲ. ನಾನು ಟೋಕನ್ ಇಡೋಕೆ ಮರೆತರೆ, ಸ್ಟ್ರೆಸ್ ಇಲ್ಲದ ಹಡಗು ಅಂತ ಅದು ಆಕ್ಷನ್ ಮಾಡುತ್ತದೆ, ಮುಂದಿನ ಸುತ್ತಿನಲ್ಲಿ ಮತ್ತೆ ಕೆಂಪು ತಿರುವು ಹಾರುತ್ತದೆ. ಮರೆತದ್ದು ನಾನು, ಲಾಭವೂ ನನಗೇ. ಇದನ್ನು 'ಮರೆತೆ, ಹೋಯ್ತು' ಅಂತ ಬಿಟ್ಟರೆ, ತನಗೆ ಕಷ್ಟ ಕೊಡುವ ಹಂತವನ್ನೇ ಮರೆಯುವವನು ಯಾವಾಗಲೂ ಗೆಲ್ಲುತ್ತಾನೆ. ಅದಕ್ಕೇ ಕಡ್ಡಾಯ ಹಂತದ ಜವಾಬ್ದಾರಿ ಇಬ್ಬರದೂ. ಯಾರ ಸರದಿ ಅನ್ನುವುದು ಮುಖ್ಯ ಅಲ್ಲ.

ನಿಮ್ಮ ಗೆಳೆಯರ ವಿಷಯದಲ್ಲಿ ನಾನು ಎರಡನೆಯವರ ಕಡೆ. ಆದರೆ 'ಎಲ್ಲ ವಾಪಸ್ ಇಡು' ಅನ್ನುವುದು ಆಗದ ಮಾತು.

ಅಳತೆಪಟ್ಟಿ

ನಮ್ಮಲ್ಲಿ ಸಣ್ಣ ಟೂರ್ನಮೆಂಟ್ ನಡೆದಾಗ ತೀರ್ಪು ಹೇಳುವ ಕೆಲಸ ನನಗೇ ಬರುತ್ತದೆ, ಹಾಗಾಗಿ ಈ ಪ್ರಶ್ನೆ ನನಗೆ ಬಹಳ ಹತ್ತಿರದ್ದು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಚೆಸ್‌ನಲ್ಲಿ ಇದು ಸುಲಭ. ನಿಯಮಕ್ಕೆ ಹೊರತಾದ ನಡೆ ಕಂಡರೆ, ಅದಕ್ಕಿಂತ ಮುಂಚಿನ ಸ್ಥಿತಿಗೆ ಹೋಗಬೇಕು ಅಂತ ಚೆಸ್‌ನ ಅಂತಾರಾಷ್ಟ್ರೀಯ ಸಂಸ್ಥೆ ಫಿಡೆಯ ನಿಯಮ ಹೇಳುತ್ತದೆ. ಆ ಸ್ಥಿತಿ ಯಾವುದು ಅಂತ ಗೊತ್ತಾಗದಿದ್ದರೆ, ಅದಕ್ಕೂ ಹಿಂದೆ ಖಚಿತವಾಗಿ ಗೊತ್ತಿರುವ ಸ್ಥಿತಿಯಿಂದ ಮುಂದುವರಿಸಬೇಕು. ಅಲ್ಲಿ ಮನೆಗಳಿವೆ, ನಡೆಗಳನ್ನು ಬರೆದಿಟ್ಟಿರುತ್ತಾರೆ, ದಾಳ ಇಲ್ಲ. ನಮ್ಮ ಟೇಬಲ್ ಮೇಲೆ ಮನೆಯೂ ಇಲ್ಲ, ಬರಹವೂ ಇಲ್ಲ. ಸರಿಸಿದ ಸೈನಿಕ ಮೊದಲು ಎಲ್ಲಿದ್ದ ಅಂತ ಅರ್ಧ ಇಂಚು ಆಚೀಚೆ ಜಗಳ ಆಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ದಾಳ. ಒಮ್ಮೆ ಬಿದ್ದ ದಾಳವನ್ನು ಇಬ್ಬರೂ ನೋಡಿಬಿಟ್ಟಿದ್ದಾರೆ. ಯಾವ ಯೂನಿಟ್ ಸಾಯುತ್ತದೆ, ಯಾವುದು ಉಳಿಯುತ್ತದೆ ಅಂತ ತಿಳಿದ ಮೇಲೆ ಹಿಂದಕ್ಕೆ ಹೋಗಿ ಆಡಿದರೆ, ಅದು ಅದೇ ಆಟ ಅಲ್ಲ.

ಹಾಗಾಗಿ ನಾನು ಯಾವಾಗಲೂ ಕೇಳುವುದು ಒಂದೇ. ಆ ಹಂತ ತಪ್ಪಿದ ಮೇಲೆ, ಅದರ ಫಲಿತಾಂಶವನ್ನೇ ನಂಬಿಕೊಂಡು ಯಾರು ಏನು ಮಾಡಿದ್ದಾರೆ? ಎಷ್ಟು ನಿಮಿಷ ಆಯಿತು, ಯಾವ ಫೇಸ್ ದಾಟಿತು ಅನ್ನುವುದು ಆಮೇಲಿನ ಮಾತು. ಏನೂ ಮಾಡಿಲ್ಲ ಅಂದರೆ ಈಗಲೇ ದಾಳ ಹಾಕಿ, ಮುಗೀತು. ಉದಾಹರಣೆಗೆ ಹಜಾರ್ಡಸ್ ಆಯುಧ. ಗುಂಡು ಹೊಡೆದ ಮೇಲೆ ಒಂದೊಂದು ಆಯುಧಕ್ಕೂ ಒಂದು ದಾಳ ಹಾಕಬೇಕು, 1 ಬಂದರೆ ಹೊಡೆದವನಿಗೇ ಪೆಟ್ಟು. ಇದನ್ನು ಮರೆತು ಇನ್ನೊಂದು ಯೂನಿಟ್ ಹೊಡೆಯೋಕೆ ಶುರು ಮಾಡಿದ್ದರೂ ಏನೂ ಕೆಟ್ಟಿಲ್ಲ, ಈಗ ಹಾಕಬಹುದು. ಅದೇ ಡೆಡ್ಲಿ ಡಿಮೈಸ್ ನೋಡಿ. ಟ್ಯಾಂಕ್ ಸತ್ತಾಗ ಅದನ್ನು ಎತ್ತುವ ಮೊದಲು ದಾಳ ಹಾಕಬೇಕು, 6 ಬಂದರೆ ಸುತ್ತ 6 ಇಂಚಿನೊಳಗೆ ಇರುವವರಿಗೆಲ್ಲ ಏಟು. ಟ್ಯಾಂಕ್ ಎತ್ತಿ ಡಬ್ಬಿಗೆ ಹಾಕಿ ಆಗಿದೆ, ಸುತ್ತ ಇದ್ದವರು ಚಾರ್ಜ್ ಮಾಡಿ ಮುಂದೆ ಹೋಗಿದ್ದಾರೆ. ಈಗ 6 ಇಂಚು ಎಲ್ಲಿಂದ ಅಳೆಯುತ್ತೀರಿ? ಅದು ಹೋಯಿತು, ಬಿಡಲೇಬೇಕು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬ್ಯಾಟಲ್‌ಶಾಕ್ ಮೇಲೆ ನಿಂತಿದ್ದು ಎರಡು ಸಂಗತಿ. ಒಂದು, 5 ಅಂಕ, ಯಾಕೆಂದರೆ ಪರೀಕ್ಷೆ ಸೋತರೆ ಯೂನಿಟ್‌ನ ಆಬ್ಜೆಕ್ಟಿವ್ ಕಂಟ್ರೋಲ್ (ಆಬ್ಜೆಕ್ಟಿವ್ ಹಿಡಿಯುವ ಬಲ) ಸೊನ್ನೆ. ಎರಡು, ಆ ಸ್ಟ್ರಾಟಜೆಮ್, ಯಾಕೆಂದರೆ ಸೋತ ಯೂನಿಟ್ ಮೇಲೆ ಅದನ್ನು ಹಾಕುವಂತಿಲ್ಲ. ಉಳಿದ ಯೂನಿಟ್‌ಗಳ ಓಡಾಟಕ್ಕೂ ಇದಕ್ಕೂ ಸಂಬಂಧ ಇಲ್ಲ, ಅದನ್ನು ಮುಟ್ಟಬೇಡಿ.

ಈಗ ಮುಖ್ಯವಾದದ್ದು. ದಾಳ ಹಾಕುವ ಮೊದಲೇ, ಸೋತರೆ ಏನು ಅಂತ ಇಬ್ಬರೂ ಒಪ್ಪಿಕೊಳ್ಳಬೇಕು. ಆಮೇಲೆ ಹಾಕಬೇಕು. ಎರಡು ದಾಳ ಕೂಡಿ ಯೂನಿಟ್‌ನ ಲೀಡರ್‌ಶಿಪ್ ಸಂಖ್ಯೆಗೆ ಸಮ ಅಥವಾ ಜಾಸ್ತಿ ಬಂದರೆ ಪಾಸ್. ಲೀಡರ್‌ಶಿಪ್ 7 ಇದ್ದರೆ 36ರಲ್ಲಿ 21 ಸಲ ಪಾಸ್, ಅಂದರೆ ಶೇಕಡಾ 58. 6 ಇದ್ದರೆ 36ರಲ್ಲಿ 26, ಶೇಕಡಾ 72. ಅರ್ಧಕ್ಕಿಂತ ಜಾಸ್ತಿ ಸಲ ಜಗಳವೇ ಇಲ್ಲದೆ ಮುಗಿಯುತ್ತದೆ, ನೋಡಿ. ದಾಳ ಹಾಕಿ, ಸೋತ ಮೇಲೆ ಏನು ಮಾಡಬೇಕು ಅಂತ ಕೂತರೆ ಮಾತ್ರ ಕಥೆ ಮುಗಿಯುವುದಿಲ್ಲ. ಆಗ ಇಬ್ಬರೂ ತಮಗೆ ಬೇಕಾದ ಕಡೆಗೇ ಎಳೆಯುತ್ತಾರೆ. ಅದು ಕೆಟ್ಟತನ ಅಲ್ಲ, ಯಾರಿಗಾದರೂ ಹಾಗೇ ಆಗುತ್ತದೆ.

ಸೋತರೆ ನಾನು ಹೇಳುತ್ತಿದ್ದ ತೀರ್ಪು ಇದು. 5 ಅಂಕ ಹೊಡೆದುಹಾಕಿ, ಅದು ಕಾಗದದ ಮೇಲಿನ ಸಂಖ್ಯೆ, ತೆಗೆಯೋಕೆ ಕಷ್ಟ ಇಲ್ಲ. ಯೂನಿಟ್ ಮುಂದಿನ ಕಮಾಂಡ್ ಫೇಸ್‌ವರೆಗೂ ಬ್ಯಾಟಲ್‌ಶಾಕ್ ಆಗಿಯೇ ಇರಲಿ. ಸತ್ತ ಯೂನಿಟ್ ಸತ್ತದ್ದೇ, ಯಾಕೆಂದರೆ ಅದು ಸತ್ತಿತು ಅಂತ ನೋಡಿಕೊಂಡೇ ಉಳಿದವರು ಬೇರೆ ಗುರಿಗೆ ಹೊಡೆದಿರುತ್ತಾರೆ. ಖರ್ಚಾದ ಕಮಾಂಡ್ ಪಾಯಿಂಟ್ ವಾಪಸ್ ಕೊಡಬೇಡಿ.

ಓಗರ್_ಕೋಚ್

ಅಳತೆಪಟ್ಟಿ ಅವರೇ, ಕೊನೆಯದು ಒಪ್ಪೋಕೆ ಆಗಲ್ಲ. ಎದುರಾಳಿ ಪೂರ್ತಿ ಒಂದು ಯೂನಿಟ್ ಕಳೆದುಕೊಂಡ. ಹಾಕಬಾರದ ಸ್ಟ್ರಾಟಜೆಮ್‌ನಿಂದ ಕಳೆದುಕೊಂಡ. ಅವನಿಗೆ ಸಿಕ್ಕಿದ್ದು ಏನು? ಇನ್ನೊಬ್ಬನ 5 ಅಂಕ ಹೋಯಿತು ಅಷ್ಟೇ.

ನಾನು ಜಾಸ್ತಿ ಆಡುವುದು ಬ್ಲಡ್ ಬೌಲ್, ದೈತ್ಯರೂ ಆಡುವ ಫುಟ್‌ಬಾಲ್ ಥರದ ಬೋರ್ಡ್ ಆಟ. ಅಲ್ಲಿ ಈ ರೋಗ ದಿನಾ ಇದ್ದದ್ದೇ. ಓಗರ್ ಅನ್ನುವ ದೈತ್ಯನಿಗೆ ಬೋನ್ ಹೆಡ್ (ದಡ್ಡತನದ ನಿಯಮ) ಇರುತ್ತದೆ. ಅವನಿಂದ ಏನು ಮಾಡಿಸುತ್ತೀರಿ ಅಂತ ಹೇಳಿದ ತಕ್ಷಣ ದಾಳ ಹಾಕಬೇಕು, 1 ಬಂದರೆ ಅವನು ಸುಮ್ಮನೆ ನಿಂತುಬಿಡುತ್ತಾನೆ. ಟ್ರೋಲ್ ಇನ್ನೂ ಕಷ್ಟ, ಪಕ್ಕದಲ್ಲಿ ತನ್ನವರು ಇಲ್ಲದಿದ್ದರೆ 4 ಅಥವಾ ಜಾಸ್ತಿ ಬರಬೇಕು. ಜನ ಏನು ಮಾಡುತ್ತಾರೆ, ಸೀದಾ ಓಗರ್ ಎತ್ತಿಕೊಂಡು ಬ್ಲಾಕ್ ದಾಳ ಹಾಕುತ್ತಾರೆ. ಎದುರಿನ ಆಟಗಾರ ಬಿದ್ದ ಮೇಲೆ 'ಅಯ್ಯೋ ಬೋನ್ ಹೆಡ್ ಹಾಕಲಿಲ್ಲ' ಅಂತ ಯಾರಿಗೋ ನೆನಪಾಗುತ್ತದೆ. ಅಲ್ಲಿ ನಾನು ಬಿಡುವುದಿಲ್ಲ. ಬೋನ್ ಹೆಡ್ ಈಗ ಹಾಕು, 1 ಬಂದರೆ ಬಿದ್ದವನು ಎದ್ದು ನಿಲ್ಲಬೇಕು, ಓಗರ್ ಇದ್ದಲ್ಲಿಗೇ ಹೋಗಬೇಕು. ಚೌಕ ಇರುವ ಬೋರ್ಡ್, ವಾಪಸ್ ಇಡೋಕೆ ಏನೂ ತೊಂದರೆ ಇಲ್ಲ.

ಹಳೆಯ ಆವೃತ್ತಿಗಳಲ್ಲಿ ಇನ್ನೂ ಬಿಗಿ ಇತ್ತು. ಸರದಿ ಶುರುವಿನಲ್ಲಿ ಟರ್ನ್ ಮಾರ್ಕರ್ (ಎಷ್ಟನೇ ಸರದಿ ಅಂತ ತೋರಿಸುವ ಗುರುತು) ಸರಿಸದೆ ಆಟಗಾರರನ್ನು ಮುಟ್ಟಿದರೆ, ಎದುರಾಳಿ ಹಿಡಿದು ಹೇಳಿದರೆ ದಂಡ ಬೀಳುತ್ತಿತ್ತು. ದಂಡದ ಭಯಕ್ಕೆ ಯಾರೂ ಮರೆಯುತ್ತಿರಲಿಲ್ಲ. ಇವತ್ತಿಗೂ ಹಳಬರ ಕೈ ಮೊದಲು ಹೋಗುವುದು ಆ ಮಾರ್ಕರ್ ಕಡೆಗೇ. ನನ್ನ ಕೇಳಿದರೆ ಕಡ್ಡಾಯ ಹಂತ ಮರೆತವನಿಗೆ ಸ್ವಲ್ಪ ನಷ್ಟ ಆಗಲೇಬೇಕು.

ಅಳತೆಪಟ್ಟಿ

ಯೂನಿಟ್ ವಿಷಯದಲ್ಲಿ ನಿಮ್ಮ ಮಾತು ಸ್ವಲ್ಪ ಒಪ್ಪುತ್ತೇನೆ. ಆ ನಾಲ್ವರು ಹೊಡೆದದ್ದೇ ಆ ಫೇಸ್‌ನ ಕೊನೆಯ ಕೆಲಸ ಆಗಿದ್ದರೆ, ಸತ್ತವರನ್ನು ವಾಪಸ್ ಇಟ್ಟು, ಸ್ಟ್ರಾಟಜೆಮ್ ಇಲ್ಲದೆ ಇನ್ನೊಮ್ಮೆ ದಾಳ ಹಾಕಿಸಬಹುದು. ಅವರಾದ ಮೇಲೆ ಬೇರೆಯವರು ಹೊಡೆದಿದ್ದರೆ ಬೇಡ.

ಕಮಾಂಡ್ ಪಾಯಿಂಟ್ ಯಾಕೆ ವಾಪಸ್ ಬೇಡ ಅಂದೆ ಅಂದರೆ, 1 ಪಾಯಿಂಟ್ ಕೊಟ್ಟು ಬ್ಯಾಟಲ್‌ಶಾಕ್ ಪರೀಕ್ಷೆಯನ್ನು ಪಾಸ್ ಮಾಡಿಸಿಕೊಳ್ಳುವ ಸ್ಟ್ರಾಟಜೆಮ್ ಕೂಡ ಇದೆ. ಪಾಯಿಂಟ್ ವಾಪಸ್ ಕೊಟ್ಟರೆ ಅವನು ತಕ್ಷಣ 'ನೆನಪಿದ್ದಿದ್ದರೆ ನಾನು ಅದನ್ನು ಹಾಕುತ್ತಿದ್ದೆ' ಅನ್ನುತ್ತಾನೆ. ಹಾಕುತ್ತಿದ್ದನೋ ಇಲ್ಲವೋ, ಈಗ ಯಾರಿಗೆ ಗೊತ್ತು? 'ಹಾಗಿದ್ದರೆ ಹೀಗೆ ಮಾಡುತ್ತಿದ್ದೆ' ಅನ್ನುವ ಮಾತು ಒಂದು ಸಲ ಟೇಬಲ್‌ಗೆ ಬಂದರೆ ಮುಗಿಯುವುದೇ ಇಲ್ಲ, ಆ ಬಾಗಿಲು ತೆಗೆಯಬೇಡಿ.

ದಂಡ ಮಾತ್ರ ನಾನು ಹಾಕುವುದಿಲ್ಲ. ದಂಡ ಇದ್ದರೆ ಎದುರಾಳಿ ಆಟ ಬಿಟ್ಟು ನಿಮ್ಮ ಕೈಯನ್ನೇ ಕಾಯುತ್ತಾನೆ. ನೀವು ಮರೆಯಲಿ ಅಂತ ಬಯಸುತ್ತಾನೆ. ಇಬ್ಬರೂ ಸೇರಿ ನಡೆಸಬೇಕಾದ ಹಂತಕ್ಕೆ ಅದು ಸರಿಹೋಗುವುದಿಲ್ಲ.

ಸುಮ್ನೆ_ನೋಡುವವ

ಮೂರನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಗೊತ್ತಿದ್ದೂ ಸುಮ್ಮನಿರುವುದು ತಪ್ಪಾ? ನಾನು 'ಮ್ಯಾಜಿಕ್: ದ ಗ್ಯಾದರಿಂಗ್' ಅನ್ನುವ ಕಾರ್ಡ್ ಆಟ ಆಡುವ ಕಡೆಯಿಂದ ಬಂದವನು. ಅಲ್ಲಿ ಟೂರ್ನಮೆಂಟ್‌ನಲ್ಲಿ ಎದುರಾಳಿ ತನ್ನ ಟ್ರಿಗರ್ (ಕಾರ್ಡ್‌ನಿಂದ ತಾನಾಗಿ ಆಗಬೇಕಾದ ಪರಿಣಾಮ) ಮರೆತರೆ ನಾನು ನೆನಪಿಸಬೇಕಾಗಿಲ್ಲ. ಅವನ ಕಾರ್ಡ್, ಅವನ ಜವಾಬ್ದಾರಿ. ಹಾಗೆ ಮಾಡಿದರೆ ಯಾರೂ ನನ್ನನ್ನು ಮೋಸಗಾರ ಅನ್ನುವುದಿಲ್ಲ. ಇಲ್ಲಿ ಮಾತ್ರ ಯಾಕೆ ಬೇರೆ?

ಕೆಂಪುಟೋಕನ್

ಒಳ್ಳೆ ಪ್ರಶ್ನೆ. ಆದರೆ ಅಲ್ಲೂ ಇನ್ನೊಂದು ಮುಖ ಇದೆಯಲ್ಲ. ತನ್ನದೇ ಟ್ರಿಗರ್ ಬೇಕಂತಲೇ ಬಿಟ್ಟರೆ ಅದು ಮೋಸ ಅಂತಲೇ ಅಲ್ಲಿ ಲೆಕ್ಕ. ತನಗೆ ತೊಂದರೆ ಕೊಡುವ ಟ್ರಿಗರ್ ಮರೆತರೆ ಎಚ್ಚರಿಕೆಯೂ ಬೀಳಬಹುದು. ಅಂದರೆ ಮರೆತು ಲಾಭ ಮಾಡಿಕೊಳ್ಳೋಕೆ ಅವರೂ ಬಿಟ್ಟಿಲ್ಲ.

ಕಾರ್ಡ್ ಆಟದಲ್ಲಿ ಟ್ರಿಗರ್ ಒಬ್ಬರ ಕಾರ್ಡ್‌ನಿಂದ ಬರುತ್ತದೆ, ಅದಕ್ಕೆ ಯಜಮಾನ ಇದ್ದಾನೆ. ಬ್ಯಾಟಲ್‌ಶಾಕ್ ಯಾರ ಕಾರ್ಡ್‌ನಲ್ಲೂ ಇಲ್ಲ, ಆಟದ ನಿಯಮ ಪುಸ್ತಕದಲ್ಲಿದೆ. ಅದು ಸರದಿಯ ಒಂದು ಭಾಗ. ನೀವು ಎದುರಾಳಿ ಒಂದು ಹಂತ ಹಾರಿದ್ದನ್ನು ನೋಡಿಯೂ ಸುಮ್ಮನಿದ್ದು, ಅದರಿಂದ ಲಾಭ ಬರುವ ಹೊತ್ತಿಗೆ ಬಾಯಿ ಬಿಟ್ಟರೆ, ಅಷ್ಟು ಹೊತ್ತು ಇಬ್ಬರೂ ತಪ್ಪು ಆಟ ಆಡುತ್ತಿದ್ದಿರಿ, ನಿಮಗೊಬ್ಬರಿಗೇ ಅದು ಗೊತ್ತಿತ್ತು. ನನಗೆ ಅದು ಮೋಸವೇ. ನೀವು ಆಮೇಲೆ ಹೇಳಿದರೂ ನಾನು ಹಿಂದಕ್ಕೆ ಹೋಗೋಕೆ ಒಪ್ಪುವುದಿಲ್ಲ, ಹಂತ ತಪ್ಪಿದ್ದು ತಪ್ಪಿದ ಹಾಗೇ ಇರಲಿ ಅನ್ನುತ್ತೇನೆ. ಆದರೆ ಮೂರಿಂಚು ಅವರ ಗೆಳೆಯರು ಹಾಗೆ ಮಾಡಿದ್ದಲ್ಲ, ಇಬ್ಬರಿಗೂ ನಿಜವಾಗಿಯೇ ಮರೆತಿದೆ.

ಉಕ್ಕಿನಕುದುರೆ

ತಡವಾಗಿ ಬಂದೆ. ವಾಪಸ್ ಹೋಗುವ ಬಗ್ಗೆ ಎಲ್ಲರೂ ಚೆನ್ನಾಗಿ ಬರೆದಿದ್ದಾರೆ, ನನಗೆ ಮರೆಯದ ಹಾಗೆ ಮಾಡುವುದು ಹೇಗೆ ಅನ್ನುವುದರ ಬಗ್ಗೆ ಮಾತಾಡಬೇಕು ಅನಿಸಿತು. ನಾವು ವಾರ್‌ಮಷೀನ್ ಮತ್ತು ಹೋರ್ಡ್ಸ್ ಅನ್ನುವ ಇಂಥದೇ ಯುದ್ಧದ ಆಟ ಆಡುತ್ತಿದ್ದ ಕಾಲದಲ್ಲಿ, ಅದರ ಎರಡನೇ ಮೂರನೇ ಆವೃತ್ತಿಯಲ್ಲಿ, ಸರದಿಯ ಶುರುವಿನಲ್ಲೇ ರಾಶಿ ಕೆಲಸ ಇರುತ್ತಿತ್ತು. ಬೆಂಕಿ ಹತ್ತಿದ ಸೈನಿಕನಿಗೆ ಒಂದು ದಾಳ, 1 ಅಥವಾ 2 ಬಂದರೆ ಬೆಂಕಿ ಆರಿತು, ಇಲ್ಲದಿದ್ದರೆ ಡ್ಯಾಮೇಜ್. ಹೋರ್ಡ್ಸ್‌ನಲ್ಲಿ ಫ್ಯೂರಿ (ರೋಷದ ಅಂಕ) ಉಳಿದ ಮೃಗಕ್ಕೆ ಇನ್ನೂ ಒಂದು ಪರೀಕ್ಷೆ, ಎರಡು ದಾಳಕ್ಕೆ ಉಳಿದ ಫ್ಯೂರಿ ಕೂಡಿಸಿ ಥ್ರೆಶೋಲ್ಡ್ (ಆ ಮೃಗದ ಮಿತಿ) ದಾಟಿದರೆ ಅದು ಹುಚ್ಚೆದ್ದು ತಾನೇ ಯಾರ ಮೇಲಾದರೂ ಬೀಳುತ್ತದೆ. ಆ ಪರೀಕ್ಷೆ ಮರೆತರೆ ಆಟದ ದಿಕ್ಕೇ ಬೇರೆ.

ಅಲ್ಲಿ ನಾವು ಕಲಿತದ್ದು ಹೀಗೆ. ಪರೀಕ್ಷೆಯ ಹೊತ್ತಿಗೆ ನೆನಪಿಡಬೇಕು ಅಂದುಕೊಂಡರೆ ಮರೆತೇ ಹೋಗುತ್ತದೆ, ಯಾಕೆಂದರೆ ಸರದಿ ಶುರುವಾದಾಗ ತಲೆಯ ತುಂಬ ಯಾರನ್ನು ಎಲ್ಲಿಗೆ ಕಳಿಸಬೇಕು ಅನ್ನುವ ಯೋಚನೆ. ಎದುರಾಳಿಯ ಸರದಿಯಲ್ಲೇ ಮನಸ್ಸು ಅಲ್ಲಿಗೆ ಹೋಗಿರುತ್ತದೆ. ಅದಕ್ಕೇ ಪರೀಕ್ಷೆಗೆ ಕಾರಣ ಹುಟ್ಟಿದಾಗಲೇ ಗುರುತು ಇಟ್ಟುಬಿಡಬೇಕು.

ಬ್ಯಾಟಲ್‌ಶಾಕ್‌ಗೆ ಇದನ್ನೇ ಮಾಡಿ ನೋಡಿ. ಹತ್ತು ಜನರ ಯೂನಿಟ್‌ನಿಂದ ಆರನೆಯವನನ್ನು ಎತ್ತುವ ಕೈ ಇದೆಯಲ್ಲ, ಅದೇ ಕೈಯಲ್ಲಿ ಅವನು ನಿಂತಿದ್ದ ಜಾಗದಲ್ಲಿ ಒಂದು ಕೆಂಪು ಬಿಲ್ಲೆ ಇಡಿ. ಇಡುವವನು ಹೊಡೆದವನು. ಯಾಕೆಂದರೆ ಯೂನಿಟ್ ಅರ್ಧಕ್ಕಿಂತ ಕೆಳಗೆ ಇಳಿಯಿತು ಅಂತ ಖುಷಿ ಇರುವುದು ಅವನಿಗೆ, ಅವನು ಮರೆಯುವುದಿಲ್ಲ. ಬಿಲ್ಲೆ ಪಕ್ಕದಲ್ಲಿ ಇಟ್ಟರೆ ಸಾಲದು, ಸೈನಿಕರ ನಡುವೆಯೇ ಇರಬೇಕು, ಅದನ್ನು ಎತ್ತದೆ ಯೂನಿಟ್ ಸರಿಸೋಕೆ ಆಗಬಾರದು. ಆಗ ಸರದಿಯಲ್ಲಿ ಯೂನಿಟ್ ಮುಟ್ಟಿದ ತಕ್ಷಣ ಬಿಲ್ಲೆ ಕೈಗೆ ತಗುಲುತ್ತದೆ. ಕಮಾಂಡ್ ಫೇಸ್‌ನಲ್ಲಿ ಮರೆತರೂ, ಮೂವ್‌ಮೆಂಟ್‌ನ ಮೊದಲಲ್ಲೇ ಸಿಕ್ಕಿಬೀಳುತ್ತದೆ. ಆ ಹೊತ್ತಿಗೆ ಅಂಕ ಬಿಟ್ಟು ಬೇರೇನೂ ಆಗಿರುವುದಿಲ್ಲ. ಟ್ಯಾಂಕ್‌ನಂಥ ಒಂಟಿ ಮಾಡೆಲ್‌ಗೂ ಇದು ಬೇಕು. ಅದರ ಗಾಯ ಅರ್ಧ ದಾಟಿದರೂ ಪರೀಕ್ಷೆ ಇದೆ, ಅಲ್ಲಿ ಯಾರನ್ನೂ ಎತ್ತುವುದಿಲ್ಲವಾದ್ದರಿಂದ ಇನ್ನೂ ಬೇಗ ಮರೆಯುತ್ತದೆ. ಗಾಯ ಎಣಿಸುವ ದಾಳದ ಮೇಲೆಯೇ ಬಿಲ್ಲೆ ಇಡಿ.

ಬೋಲ್ಟ್ ಆ್ಯಕ್ಷನ್ ಅನ್ನುವ ಎರಡನೇ ಮಹಾಯುದ್ಧದ ಆಟ ಆಡುವವರಿಗೆ ಇದು ತಾನಾಗಿಯೇ ಬಂದಿದೆ. ಪಿನ್ ಮಾರ್ಕರ್ (ಗುಂಡಿಗೆ ಯೂನಿಟ್ ಬೆದರಿದೆ ಅನ್ನುವ ಗುರುತು) ಯೂನಿಟ್ ಪಕ್ಕದಲ್ಲೇ ಬಿದ್ದಿರುತ್ತದೆ, ಅದು ಕಂಡರೆ ಆರ್ಡರ್ ನಡೆಸುವ ಮೊದಲು ಪರೀಕ್ಷೆ. ಅಲ್ಲಿ ಜನ ಮರೆಯುವುದು ಬೇರೆ. ಪರೀಕ್ಷೆ ಪಾಸಾದ ಮೇಲೆ ಒಂದು ಪಿನ್ ತೆಗೆಯಬೇಕು, ಅದನ್ನು ತೆಗೆಯುವುದಿಲ್ಲ. ಇದು ತನಗೇ ನಷ್ಟ ಮಾಡಿಕೊಳ್ಳುವ ಮರೆವು. ಎದುರಾಳಿಯದ್ದಾದರೂ ನಾನು ಹೇಳಿಬಿಡುತ್ತೇನೆ. ಅದೂ ಕಡ್ಡಾಯವೇ.

ಇನ್ನೊಂದು ಅಭ್ಯಾಸ, ಹಂತದ ಹೆಸರನ್ನು ಬಾಯಿಬಿಟ್ಟು ಹೇಳುವುದು. 'ಕಮಾಂಡ್ ಪಾಯಿಂಟ್ ತಗೊಂಡೆ, ಬ್ಯಾಟಲ್‌ಶಾಕ್ ಯಾವುದೂ ಇಲ್ಲ, ಅಂಕ 5, ಮೂವ್‌ಮೆಂಟ್‌ಗೆ ಹೋಗ್ತಿದ್ದೀನಿ.' ಇಷ್ಟು ಹೇಳೋಕೆ ಎಷ್ಟು ಹೊತ್ತು? 'ಯಾವುದೂ ಇಲ್ಲ' ಅಂದಾಗ ಎದುರಾಳಿ ಟೇಬಲ್ ನೋಡುತ್ತಾನೆ. ಜಾಸ್ತಿ ಸಲ ಅಲ್ಲೇ ಸಿಗುತ್ತದೆ.

ಮೂರಿಂಚು

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇದನ್ನು ಇಬ್ಬರಿಗೂ ಓದಿಸಿದೆ. 'ಸೋತರೆ ಏನು ಅಂತ ಮೊದಲೇ ಒಪ್ಪಿಕೊಂಡು ಆಮೇಲೆ ದಾಳ' ಅನ್ನುವುದನ್ನು ಇಬ್ಬರೂ ಒಪ್ಪಿದರು. ಯೂನಿಟ್ ವಾಪಸ್ ಬರಬೇಕು ಅನ್ನುವವನು ಓಗರ್ ಕೋಚ್ ಅವರ ಪಕ್ಷ ಬಿಟ್ಟು ಕದಲುತ್ತಿಲ್ಲ, ಅದು ಅವನ ಇಷ್ಟ. ನಾಲ್ವರು ಹೊಡೆದ ಮೇಲೆ ಇನ್ನೂ ಎರಡು ಯೂನಿಟ್ ಹೊಡೆದಿದ್ದವು ಅಂತ ನೆನಪಾಯಿತು, ಹಾಗಾಗಿ ಅಳತೆಪಟ್ಟಿ ಅವರ ಲೆಕ್ಕದಲ್ಲಿ ಸತ್ತವರು ಸತ್ತ ಹಾಗೇ. ಕೆಂಪು ಬಿಲ್ಲೆ ಮುಂದಿನ ಆಟದಿಂದಲೇ ಶುರು.

ಒಂದೇ ಒಂದು ಉಳಿದಿದೆ. ಇದೇ ಸಂಗತಿ ಇಡೀ ಒಂದು ಸುತ್ತು ಕಳೆದ ಮೇಲೆ ಗೊತ್ತಾದರೆ?

ಅಳತೆಪಟ್ಟಿ

ಬಿಡಿ. ಬ್ಯಾಟಲ್‌ಶಾಕ್ ಆಯುಸ್ಸು ಅವನ ಮುಂದಿನ ಕಮಾಂಡ್ ಫೇಸ್‌ವರೆಗೆ ಮಾತ್ರ, ಅದು ದಾಟಿದ ಮೇಲೆ ದಾಳ ಹಾಕಿದರೂ ಅರ್ಥ ಇಲ್ಲ. ಆ 5 ಅಂಕವನ್ನೂ ಮುಟ್ಟಬೇಡಿ, ಯಾಕೆಂದರೆ ಅಷ್ಟು ಅಂಕ ಇದೆ ಅಂತ ನಂಬಿ ಇಬ್ಬರೂ ಒಂದು ಸುತ್ತು ಆಡಿದ್ದಾರೆ. ಯಾವ ಆಬ್ಜೆಕ್ಟಿವ್ ಹಿಂದೆ ಓಡಬೇಕು, ಯಾವುದನ್ನು ಬಿಡಬೇಕು ಅನ್ನುವುದೆಲ್ಲ ಆ ಲೆಕ್ಕದ ಮೇಲೇ ನಡೆದಿರುತ್ತದೆ. ಟೂರ್ನಮೆಂಟ್ ಆದರೆ ನೀವೇ ತೀರ್ಮಾನ ಮಾಡಿಕೊಳ್ಳದೆ ಜಡ್ಜ್‌ನ ಕರೆಯಿರಿ. ಅಂಕ ಕೂಡಿಸುವಾಗಲೇ ತಪ್ಪಾಗಿದ್ದರೆ ಅದು ಬೇರೆ ವಿಷಯ, ಆಟ ಮುಗಿಯುವುದರೊಳಗೆ ಯಾವಾಗ ಕಂಡರೂ ತಿದ್ದಿಕೊಳ್ಳಿ.